ಮಹಾರಾಜ ಮಾನನಷ್ಟ ಮೊಕದ್ದಮೆ, 1862: ಕರ್ಸನ್‌ದಾಸ್ ಮೂಲ್ಜಿ ಗೆದ್ದದ್ದು ಏನನ್ನು?

ಹಳೆಯ ಕಡತ

1862ರ ಜನವರಿ 25ರಂದು ಮುಂಬಯಿಯ ಅಂದಿನ ಸುಪ್ರೀಂ ಕೋರ್ಟಿನಲ್ಲಿ ಒಂದು ಮಾನನಷ್ಟ ಮೊಕದ್ದಮೆಯ ವಿಚಾರಣೆ ಶುರುವಾಯಿತು. ವಾದಿ ಸೂರತ್ತಿನ ಜದುನಾಥಜೀ ಬ್ರಿಜರತನಜೀ ಮಹಾರಾಜರು. ಇಲ್ಲಿ ಮಹಾರಾಜ ಎಂದರೆ ಅರಸನಲ್ಲ, ಪಂಥದ ಗುರುವಿನ ಬಿರುದು. ಅವರು ಪುಷ್ಟಿಮಾರ್ಗ ಎಂಬ ಕೃಷ್ಣಭಕ್ತಿ ಪಂಥವನ್ನು ಸ್ಥಾಪಿಸಿದ ವಲ್ಲಭಾಚಾರ್ಯರ ವಂಶದಲ್ಲಿ ಹುಟ್ಟಿದವರು, ಆ ಹುಟ್ಟಿನ ಬಲದಿಂದಲೇ ಪಂಥದ ಗುಜರಾತಿ ವ್ಯಾಪಾರಿ ಮನೆತನಗಳಿಗೆ ಗುರುವಾದವರು. ಪ್ರತಿವಾದಿಗಳು ‘ಸತ್ಯಪ್ರಕಾಶ’ ಎಂಬ ಗುಜರಾತಿ ವಾರಪತ್ರಿಕೆಯನ್ನು ನಡೆಸುತ್ತಿದ್ದ ಕರ್ಸನ್‌ದಾಸ್ ಮೂಲ್ಜಿ ಮತ್ತು ಅದರ ಮುದ್ರಕ ನಾನಾಭಾಯಿ ರುಸ್ತುಂಜಿ ರಾಣೀನಾ. ಮಹಾರಾಜರು ಕೇಳಿದ ಪರಿಹಾರ 50,000 ರೂಪಾಯಿ.

ಕರ್ಸನ್‌ದಾಸ್ ಹೊರಗಿನವರಲ್ಲ. 1832ರಲ್ಲಿ ಕಪೋಲ ಬನಿಯಾ ಜಾತಿಯ, ಅದೇ ಸಂಪ್ರದಾಯಕ್ಕೆ ನಡೆದುಕೊಳ್ಳುವ ಕುಟುಂಬದಲ್ಲಿ ಹುಟ್ಟಿ, ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿದವರು. ಬಹುಮಾನದ ಸ್ಪರ್ಧೆಯೊಂದಕ್ಕೆ ವಿಧವಾ ವಿವಾಹವನ್ನು ಬೆಂಬಲಿಸಿ ಪ್ರಬಂಧ ಬರೆಯಲು ಹೊರಟದ್ದು ತಿಳಿದು, ಆಶ್ರಯ ಕೊಟ್ಟಿದ್ದ ಹಿರಿಯ ಬಂಧು ಅವರನ್ನು ಮನೆಯಿಂದ ಹೊರಗೆ ಹಾಕಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಆ ಮೇಲೆ ಶಾಲಾ ಮಾಸ್ತರಿಕೆ ಮಾಡಿಕೊಂಡು, 1855ರಲ್ಲಿ ಪತ್ರಿಕೆ ಆರಂಭಿಸಿದರು.

1860ರ ಅಕ್ಟೋಬರ್ 21ರ ಸಂಚಿಕೆಯಲ್ಲಿ ಅವರು ಬರೆದ ಲೇಖನವೇ ಮೊಕದ್ದಮೆಯ ಮೂಲ. ಹಿಂದೂಗಳ ಮೂಲ ಧರ್ಮ ಯಾವುದು, ಇಂದಿನ ಪಾಷಂಡ ಮತಗಳು ಯಾವುವು ಎಂಬುದು ಅದರ ವಿಷಯ. ಮೊದಲರ್ಧ ಪುರಾಣ, ಕಲಿಯುಗ, ಪಂಥಗಳ ಹುಟ್ಟು ಎಂದು ಸಾಗಿ, ಕೊನೆಗೆ ಬರಹ ಹೆಸರು ಹಿಡಿದು ಕರೆಯುತ್ತದೆ: ಜದುನಾಥಜೀ ಮಹಾರಾಜರೇ, ಧರ್ಮವನ್ನು ಹರಡುವ ಮನಸ್ಸಿದ್ದರೆ ಮೊದಲು ನೀವು ಸದಾಚಾರಕ್ಕೆ ಬನ್ನಿ, ನಿಮ್ಮ ಉಳಿದ ಮಹಾರಾಜರಿಗೂ ಬುದ್ಧಿ ಹೇಳಿ, ಗುರುಗಳೇ ವ್ಯಭಿಚಾರದ ಕಡಲಲ್ಲಿ ಮುಳುಗಿರುವಷ್ಟು ಕಾಲ ಅವರಿಗೆ ಇನ್ನೊಬ್ಬರಿಗೆ ಉಪದೇಶ ಮಾಡುವ ಅರ್ಹತೆಯಿಲ್ಲ ಎಂಬ ಅರ್ಥದಲ್ಲಿ. ಹೆಸರು ಹಾಕದೆ ಬರೆದಿದ್ದರೆ ಬಹುಶಃ ದಾವೆ ಆಗುತ್ತಿರಲಿಲ್ಲ.

ನಮ್ಮ ಕಡೆಯ ಮಠಗಳ ರೀತಿಗಿಂತ ಇಲ್ಲಿನ ರೀತಿ ಬೇರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪುಷ್ಟಿಮಾರ್ಗದ ಗುರುಗಳು ಸನ್ಯಾಸಿಗಳಲ್ಲ, ಗೃಹಸ್ಥರು. ಪೀಠ ಶಿಷ್ಯನಿಗೆ ಹೋಗುವುದಿಲ್ಲ, ಮಗನಿಗೆ ಹೋಗುತ್ತದೆ. ದೇವಸ್ಥಾನವನ್ನು ಅವರು ಹವೇಲಿ ಎನ್ನುತ್ತಾರೆ, ಅಂದರೆ ಕೃಷ್ಣನ ಮನೆ. ಬ್ರಹ್ಮಸಂಬಂಧ ಎಂಬ ದೀಕ್ಷೆಯಲ್ಲಿ ಭಕ್ತ ತನ್ನ ತನು, ಮನ, ಧನವನ್ನೆಲ್ಲ ಕೃಷ್ಣನಿಗೆ ಅರ್ಪಿಸುತ್ತಾನೆ. ಕೃಷ್ಣನಿಗೆ ಅರ್ಪಿಸಿದ್ದನ್ನು ಗುರು ತನಗೇ ಅರ್ಪಿಸಿದ್ದೆಂದು ತೆಗೆದುಕೊಂಡರೆ ಏನಾಗುತ್ತದೆ ಎಂಬುದೇ ಇಡೀ ಮೊಕದ್ದಮೆಯ ತಿರುಳು.

1865ರಲ್ಲಿ ಲಂಡನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾದ, ಕರ್ಸನ್‌ದಾಸರದೇ ಎಂದು ಎಲ್ಲರೂ ಒಪ್ಪುವ ಪುಸ್ತಕದಲ್ಲಿ ಸೇವೆಯ ದರಪಟ್ಟಿಯೊಂದಿದೆ. ಮಹಾರಾಜರ ದರ್ಶನಕ್ಕೆ 5 ರೂಪಾಯಿ, ಮುಟ್ಟಿ ನಮಸ್ಕರಿಸಲು 20, ಪಾದ ತೊಳೆಯಲು 35, ಉಯ್ಯಾಲೆಯಲ್ಲಿ ಕೂರಿಸಿ ತೂಗಲು 40, ಅವರು ಅಗಿದು ಉಗುಳಿದ ಎಲೆಯಡಿಕೆಗೆ 17. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ, ಒಂದೇ ಮಂಚದಲ್ಲಿ ಕೂರುವುದಕ್ಕೂ, ಒಂದೇ ಕೋಣೆಯಲ್ಲಿರುವುದಕ್ಕೂ ದರವಿದೆ. ಇದು ವಿರೋಧಿಯೊಬ್ಬ ಬರೆದ ಪಟ್ಟಿ ಎಂಬುದನ್ನು ಮರೆಯಬಾರದು. ಇದರ ಜತೆಗೆ ಅರಳೆ, ಬಟ್ಟೆಯಂಥ ಸರಕಿನ ವಹಿವಾಟಿನ ಮೇಲೆಯೇ ಹವೇಲಿಗೆ ಹೋಗುತ್ತಿದ್ದ ‘ಲಾಗಾ’ ಎಂಬ ವಂತಿಗೆ ಇತ್ತು. ವ್ಯಾಪಾರ ಹೆಚ್ಚಿದಷ್ಟೂ ಲಾಗಾ ಹೆಚ್ಚು.

ಈಗ ನನ್ನ ಪ್ರಶ್ನೆ. ಈ ಪ್ರಕರಣದ ಬಗ್ಗೆ ಬರೆಯುವವರೆಲ್ಲ ಶಾಸ್ತ್ರ ಮತ್ತು ವಿವೇಕದ ಜಗಳವೆಂದು ಬರೆಯುತ್ತಾರೆ. ನನಗೆ ಹಾಗೆ ಕಾಣುತ್ತಿಲ್ಲ. ಮಹಾರಾಜರ ಕೈಯಲ್ಲಿದ್ದ ನಿಜವಾದ ಆಯುಧ ಶಾಸ್ತ್ರವಲ್ಲ, ಬಹಿಷ್ಕಾರ. 1859ರ ಹೊತ್ತಿಗೆ ಮುಂಬಯಿಯ ಮಹಾರಾಜರು ಭಕ್ತರಿಂದ ಒಂದು ಪತ್ರಕ್ಕೆ ಸಹಿ ಮಾಡಿಸಲು ಹೊರಟರು. ಮಹಾರಾಜರನ್ನು ಕೋರ್ಟಿಗೆ ಎಳೆಯದಂತೆ ಸರ್ಕಾರದಿಂದ ವಿನಾಯಿತಿ ತರಬೇಕು, ಸತ್ಯಪ್ರಕಾಶವನ್ನು ಅಡಗಿಸಬೇಕು, ಗುರುಗಳ ವಿರುದ್ಧ ಬರೆದವನನ್ನು ಜಾತಿಯಿಂದ ಹೊರಗೆ ಹಾಕಬೇಕು ಎಂಬುದು ಅದರ ಒಕ್ಕಣೆ. ಸಹಿ ಬೀಳಲೆಂದು ಹವೇಲಿಯ ಬಾಗಿಲನ್ನೇ ಮುಚ್ಚಿದರು. ಬೆಳಗಿನ ದರ್ಶನವಾಗದೆ ಬಾಯಿಗೆ ತುತ್ತಿಡದ ಭಕ್ತರಿಗೆ ಮುಚ್ಚಿದ ಬಾಗಿಲು ಎಂದರೆ ಏನೆಂಬುದನ್ನು ಊಹಿಸಿಕೊಳ್ಳಿ. ಕರ್ಸನ್‌ದಾಸ್ ಆ ಕಾಗದಕ್ಕೆ ಇಟ್ಟ ಹೆಸರು ‘ಗುಲಾಮೀಖತ’, ಗುಲಾಮಗಿರಿಯ ಕರಾರು.

ದಾವೆ ದಾಖಲಾದ ಮೇಲೂ ನಡೆದದ್ದು ಅದೇ. ಮಹಾರಾಜರ ಭಕ್ತರಾದ ಭಾಟಿಯಾ ಎಂಬ ವರ್ತಕ ಜಾತಿಯ ಮುಖಂಡರು ಸಭೆ ಸೇರಿ, ಮಹಾರಾಜರ ವಿರುದ್ಧ ಸಾಕ್ಷಿ ಹೇಳಿದವನು ಜಾತಿಯವನಲ್ಲ ಎಂದು ಠರಾವು ಮಾಡಿದರು. ಕರ್ಸನ್‌ದಾಸ್ ಇದನ್ನು ಬಿಡಲಿಲ್ಲ. ಸಾಕ್ಷಿಗಳನ್ನು ತಡೆಯುವ ಒಳಸಂಚು ಎಂದು ಬೇರೆಯದೇ ಕ್ರಿಮಿನಲ್ ಮೊಕದ್ದಮೆ ಹಾಕಿ ಗೆದ್ದರು. ಮುಂದಾಳುಗಳಿಬ್ಬರಿಗೆ ತಲಾ 1,000 ರೂಪಾಯಿ, ಉಳಿದವರಿಗೆ ತಲಾ 500 ರೂಪಾಯಿ ದಂಡ ಬಿತ್ತು. ಈ ಚಿಕ್ಕ ಮೊಕದ್ದಮೆಯೇ ದೊಡ್ಡ ಮೊಕದ್ದಮೆಯನ್ನು ಗೆಲ್ಲಿಸಿತು ಎಂಬುದು ನನ್ನ ತಿಳಿವಳಿಕೆ. ಇದಾಗದಿದ್ದರೆ ಲಖ್ಮೀದಾಸ್ ಖೀಮ್ಜಿ, ಮಥುರಾದಾಸ್ ಲವ್ಜಿಯವರಂಥ ಭಾಟಿಯಾ ವರ್ತಕರು ಕಟಕಟೆ ಹತ್ತಿ ತಾವು ಕಂಡದ್ದನ್ನು ಹೇಳುತ್ತಿದ್ದರೇ? ಬಲ್ಲವರು ತಿದ್ದಬೇಕಾಗಿ ವಿನಂತಿ.

ವಕಾಲತ್ತು

ಹಳೆಯ ಕಡತ ಅವರೇ, ತಿದ್ದುವುದಕ್ಕಿಂತ ಸೇರಿಸುವುದೇ ಹೆಚ್ಚಿದೆ. ‘ಕರ್ಸನ್‌ದಾಸ್ ಗೆದ್ದರು’ ಎಂಬ ಒಂದು ಮಾತಿನಲ್ಲಿ ಈ ತೀರ್ಪು ಹಿಡಿಸುವುದಿಲ್ಲ.

ಪ್ರತಿವಾದಿಯ ಪರ ವಕೀಲ ಆನ್‌ಸ್ಟಿ ಎರಡು ಬಗೆಯ ಪ್ರತಿವಾದ ಮುಂದಿಟ್ಟಿದ್ದರು. ಮೊದಲನೆಯದು, ಇದು ಮಾನಹಾನಿಯ ಅಪರಾಧವೇ ಅಲ್ಲ ಎಂಬುದು. ಎರಡನೆಯದು, ಬರೆದದ್ದೆಲ್ಲ ನಿಜ, ಆದ್ದರಿಂದ ಸಮರ್ಥನೀಯ ಎಂಬುದು. ಎರಡನೆಯ ದಾರಿ ಎಷ್ಟು ಅಪಾಯದ್ದೆಂದು ವಕೀಲಿ ಮಾಡುವವರಿಗೆ ಗೊತ್ತು. ನಿಜವೆಂದು ಹೇಳಿದ ಮೇಲೆ ಅದನ್ನು ರುಜುವಾತು ಮಾಡುವ ಭಾರ ಪೂರ್ತಿ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಸಾಕ್ಷಿ ಕೈಕೊಟ್ಟರೆ ಆರೋಪವನ್ನು ಕೋರ್ಟಿನಲ್ಲೂ ಮತ್ತೆ ಮಾಡಿದನೆಂದು ಪರಿಹಾರದ ಮೊತ್ತ ಇನ್ನಷ್ಟು ಏರುತ್ತದೆ. ಆದ್ದರಿಂದ ಬಹಿಷ್ಕಾರದ ಠರಾವು ಬರೀ ಬೆದರಿಕೆಯಲ್ಲ, ಪ್ರತಿವಾದದ ಬೇರಿಗೇ ಹಾಕಿದ ಕೊಡಲಿ. ಆ ಮಟ್ಟಿಗೆ ನಿಮ್ಮ ವಾದ ನನಗೆ ಒಪ್ಪಿಗೆ.

ಪೀಠದಲ್ಲಿ ಇದ್ದವರು ಮುಖ್ಯ ನ್ಯಾಯಮೂರ್ತಿ ಮ್ಯಾಥ್ಯೂ ಸಾಸ್ ಮತ್ತು ನ್ಯಾಯಮೂರ್ತಿ ಜೋಸೆಫ್ ಆರ್ನಾಲ್ಡ್. 1862ರ ಏಪ್ರಿಲ್ 22ರಂದು ಬಂದ ತೀರ್ಪಿನಲ್ಲಿ ಇಬ್ಬರೂ ಎಲ್ಲದರಲ್ಲೂ ಒಂದಾಗಲಿಲ್ಲ. ಆರೋಪಗಳು ರುಜುವಾತಾಗಿವೆ ಎಂಬಲ್ಲಿ ಒಂದಾದರು. ಆದರೆ ಪತ್ರಕರ್ತನಾದವನು ಒಬ್ಬನ ಖಾಸಗಿ ಬದುಕನ್ನು ಹೀಗೆ ಬಯಲಿಗೆ ಎಳೆಯಬಹುದೇ ಎಂಬ ಮೊದಲ ಅಂಶದಲ್ಲಿ ಸಾಸ್ ವಾದಿಯ ಕಡೆ ನಿಂತು, ಹೆಸರಿಗೆ ಮಾತ್ರ ಎಂಬಂತೆ 5 ರೂಪಾಯಿಯ ಪರಿಹಾರ ಹೇಳಿದರು. 50,000 ಕೇಳಿದವರಿಗೆ 5! ಆರ್ನಾಲ್ಡ್ ಅದನ್ನೂ ಒಪ್ಪಲಿಲ್ಲ. ಸಾರ್ವಜನಿಕ ಗುರುವಿನ ನಡತೆ ಸಾರ್ವಜನಿಕ ವಿಷಯವೇ, ಪತ್ರಿಕೆಯವನು ಅದನ್ನು ಬರೆಯದಿದ್ದರೇ ಕರ್ತವ್ಯ ತಪ್ಪಿದಂತೆ ಎಂಬ ನಿಲುವು ಅವರದು. ನಮ್ಮ ಮುಂದಿರುವುದು ದೇವತಾಶಾಸ್ತ್ರದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ, ನೀತಿಯಲ್ಲಿ ತಪ್ಪಾದದ್ದು ಧರ್ಮಶಾಸ್ತ್ರದಲ್ಲಿ ಸರಿಯಾಗಲಾರದು ಎಂದು ಅವರು ಬರೆದ ಭಾಗವನ್ನೇ ಎಲ್ಲರೂ ಉದ್ಧರಿಸುವುದು. ಕರ್ಸನ್‌ದಾಸರಿಗೆ ಮೊಕದ್ದಮೆಯ ಖರ್ಚೆಂದು 11,500 ರೂಪಾಯಿ ಕೊಡಿಸಿದರು.

ಸಾಸ್ ಅವರ ಐದು ರೂಪಾಯಿಯನ್ನು ತಮಾಷೆಯೆಂದು ತಳ್ಳಿಹಾಕಬೇಡಿ. ಇವತ್ತಿಗೂ ನಮ್ಮ ಕ್ರಿಮಿನಲ್ ಮಾನಹಾನಿ ಕಾನೂನಿನಲ್ಲಿ ಹೇಳಿದ್ದು ನಿಜ ಎಂದರಷ್ಟೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಇಬ್ಬರು ನ್ಯಾಯಮೂರ್ತಿಗಳ ನಡುವಿನ ಆ ಬಿರುಕು ಮುಚ್ಚಿಲ್ಲ.

ತುಳಸಿಕಟ್ಟೆ

ನಾನು ಪುಷ್ಟಿಮಾರ್ಗದವನಲ್ಲ, ಮಾಧ್ವ ಮನೆತನದವನು. ಆದರೂ ಇಲ್ಲಿ ಒಂದು ಆಕ್ಷೇಪ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ.

ಒಬ್ಬ ಮಹಾರಾಜರ, ಅಥವಾ ಒಂದು ಊರಿನ ಹಲವು ಮಹಾರಾಜರ ನಡತೆ ಕೆಟ್ಟಿತ್ತು ಎಂಬುದು ಬೇರೆ, ವಲ್ಲಭರ ಮತವೇ ಪಾಷಂಡ ಎಂಬುದು ಬೇರೆ. ಕರ್ಸನ್‌ದಾಸರ ಲೇಖನ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತು. ವಲ್ಲಭಾಚಾರ್ಯರದು ತೆಲುಗು ಬ್ರಾಹ್ಮಣ ಮೂಲ. ನಮ್ಮ ವಿಜಯನಗರದಲ್ಲಿ, ಕೃಷ್ಣದೇವರಾಯನ ಸಭೆಯಲ್ಲಿ ವಾದ ಗೆದ್ದು ಕನಕಾಭಿಷೇಕ ಪಡೆದರೆಂದು ಆ ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ಸೂರದಾಸರ ಹೆಸರು ಸೇರಿಕೊಂಡಿರುವ ಪರಂಪರೆ ಅದು. ಬಾಲಕೃಷ್ಣನನ್ನು ಮನೆಯ ಮಗುವಿನಂತೆ ಎಬ್ಬಿಸಿ, ಉಣ್ಣಿಸಿ, ಹಾಡಿ ಮಲಗಿಸುವ ಸೇವೆಯನ್ನು ಸಾವಿರಾರು ಮನೆಗಳಲ್ಲಿ ಹೆಂಗಸರು ಯಾವ ಮಹಾರಾಜರ ಹಂಗೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಮೊಕದ್ದಮೆಯ ಸದ್ದಿನಲ್ಲಿ ಇದೆಲ್ಲ ಮುಳುಗಿತು.

ಇನ್ನೊಂದು ಮಾತು. ಹಳೆಯದೆಲ್ಲ ಶುದ್ಧ, ಆಮೇಲೆ ಬಂದದ್ದೆಲ್ಲ ಕೆಡುಕು ಎಂಬ ಅಳತೆಗೋಲು ಎಲ್ಲಿಂದ ಬಂತು? ವೇದಕ್ಕೆ ಹೋಲಿಸಿ ಭಕ್ತಿಪಂಥಗಳನ್ನು ಕೀಳುಗಾಣುವ ಆ ದೃಷ್ಟಿ ಅಂದಿನ ಪಾದ್ರಿಗಳಿಗೂ ಪಾಶ್ಚಾತ್ಯ ವಿದ್ವಾಂಸರಿಗೂ ತೀರ ಪ್ರಿಯವಾದದ್ದು. ಪ್ರತಿವಾದಿಯ ಪರವಾಗಿ ಪಂಥದ ಇತಿಹಾಸ ಹೇಳಲು ಬಂದವರಲ್ಲಿ ಪಾದ್ರಿ ಜಾನ್ ವಿಲ್ಸನ್ ಕೂಡ ಒಬ್ಬರು. ಹಿಂದೂ ಗುರುವೊಬ್ಬನ ಮತ ಯಾವುದೆಂದು ಕ್ರೈಸ್ತ ಪಾದ್ರಿ ಸಾಕ್ಷಿ ನುಡಿದು ಇಂಗ್ಲಿಷ್ ನ್ಯಾಯಾಧೀಶರು ಕೇಳುವುದನ್ನು ಸುಧಾರಣೆ ಎಂದು ಕರೆಯುವ ಮೊದಲು ಒಂದು ಕ್ಷಣ ನಿಲ್ಲಬಾರದೇ?

ಮಾಟುಂಗಾವಾಸಿ

ತುಳಸಿಕಟ್ಟೆಯವರ ಪಾದ್ರಿಯ ಮಾತಿಗೆ ಪ್ರತಿಯಾಗಿ ನಾನು ಡಾಕ್ಟರರ ಮಾತನ್ನು ಇಡುತ್ತೇನೆ. ತೀರ್ಪನ್ನು ಹೊತ್ತು ನಿಂತದ್ದು ವಿಲ್ಸನ್ ಅಲ್ಲ, ಡಾ. ಭಾವೂ ದಾಜಿ.

ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಭೈಖಳಾದ ರಾಣಿಬಾಗ್ ಮೃಗಾಲಯದ ಗೇಟಿನ ಬಳಿಯ ಮ್ಯೂಸಿಯಂ ಅವರ ಹೆಸರಿನದು. ಆನೆಯನ್ನು ನೋಡಲೆಂದು ಮಕ್ಕಳನ್ನು ಕರೆದುಕೊಂಡು ಹೋಗಿ, ಬಿಸಿಲು ತಡೆಯಲಾಗದೆ ಎಷ್ಟೋ ಸಲ ಆ ಕಟ್ಟಡದೊಳಗೆ ಕುಳಿತಿದ್ದೇನೆ. ಹಸಿರು ಬಣ್ಣದ ಕಂಬ, ಮೇಲೆ ಕೆತ್ತನೆಯ ಸೂರು, ಗಾಜಿನ ಪೆಟ್ಟಿಗೆಗಳೊಳಗೆ ಮಣ್ಣಿನ ಗೊಂಬೆಗಳು. ಆ ದಾಜಿಯೇ ಈ ಮೊಕದ್ದಮೆಯ ಸಾಕ್ಷಿ ಎಂದು ನನಗೆ ತಿಳಿದದ್ದು ತೀರ ಈಚೆಗೆ.

ಜದುನಾಥಜೀ ಸ್ವತಃ ಕೋರ್ಟಿಗೆ ಬಂದು, ಪ್ರಮಾಣ ಮಾಡಿ, ಆರೋಪಗಳನ್ನು ಅಲ್ಲಗಳೆದರು. ಆದರೆ ಭಾವೂ ದಾಜಿ ಮತ್ತು ಡಾ. ಧೀರಜ್‌ರಾಮ್ ದಳಪತರಾಮ್ ಬಂದು, ಮಹಾರಾಜರಿಗೆ ಇದ್ದದ್ದು ಪರಂಗಿರೋಗ, ಅದಕ್ಕೆ ಚಿಕಿತ್ಸೆ ಮಾಡಿದವರು ನಾವು ಎಂದು ಹೇಳಿದರು. ಶಾಸ್ತ್ರದ ಅರ್ಥವನ್ನು ಹೇಗೆ ಬೇಕಾದರೂ ಎಳೆದಾಡಬಹುದು, ಕಣ್ಣಾರೆ ಕಂಡೆ ಎಂದವನನ್ನು ದ್ವೇಷಿ ಎನ್ನಬಹುದು. ಈ ಸಾಕ್ಷಿಯನ್ನು ಏನೆಂದು ತಳ್ಳಿಹಾಕುವುದು? ನ್ಯಾಯಮೂರ್ತಿಗಳ ಕಣ್ಣಿನಲ್ಲಿ ಮಹಾರಾಜರ ಪ್ರಮಾಣದ ಮಾತಿಗೆ ಬೆಲೆ ಹೋದದ್ದು ಅಲ್ಲಿಯೇ ಎಂದು ತೋರುತ್ತದೆ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ರೋಗಿಯ ಗುಟ್ಟನ್ನು ವೈದ್ಯ ಕೋರ್ಟಿನಲ್ಲಿ ಹೇಳಬಹುದೇ? ನನ್ನ ಸ್ವಂತ ಅಣ್ಣ ಡಾಕ್ಟರ್. ಕೇಳಿದ್ದಕ್ಕೆ, “ನಾನಾಗಿದ್ದರೆ ಹೇಳುತ್ತಿರಲಿಲ್ಲ, ಹೇಳದೆ ಇದ್ದದ್ದಕ್ಕೆ ನಿದ್ದೆಯೂ ಬರುತ್ತಿರಲಿಲ್ಲ” ಎಂದರು.

ವಕಾಲತ್ತು

ಮಾಟುಂಗಾವಾಸಿಯವರಿಗೆ ಚಿಕ್ಕ ಉತ್ತರ: ಅಂದಿನ ಇಂಗ್ಲಿಷ್ ಸಾಕ್ಷ್ಯದ ನಿಯಮದಲ್ಲಿ ವೈದ್ಯನಿಗೆ ಮೌನದ ಹಕ್ಕು ಇರಲಿಲ್ಲ. ಇಂದಿನ ನಮ್ಮ ಕಾನೂನಿನಲ್ಲೂ ಕಕ್ಷಿದಾರ ಮತ್ತು ವಕೀಲರ ಮಾತುಕತೆಗೆ ಇರುವಂಥ ರಕ್ಷಣೆ ರೋಗಿ ಮತ್ತು ವೈದ್ಯರ ಮಾತುಕತೆಗೆ ಇಲ್ಲ. ಕೋರ್ಟು ಕೇಳಿದರೆ ಹೇಳಲೇಬೇಕು.

ಮಲಪ್ರಭೆಯ ದಂಡೆ

ಇಲ್ಲಿಯವರೆಗಿನ ಬರಹಗಳಲ್ಲಿ ಸಂಪಾದಕರು, ಮುದ್ರಕರು, ವರ್ತಕರು, ವೈದ್ಯರು, ಪಾದ್ರಿ, ವಕೀಲರು, ನ್ಯಾಯಮೂರ್ತಿಗಳು ಎಲ್ಲರೂ ಬಂದರು. ಯಾರ ಮೇಲೆ ದೌರ್ಜನ್ಯ ನಡೆಯಿತೆಂದು ಈ ಮೊಕದ್ದಮೆ ಹುಟ್ಟಿತೋ ಆ ಹೆಂಗಸರು ಎಲ್ಲಿ?

ನಾನು ಓದಿದ ಮಟ್ಟಿಗೆ ಕೋರ್ಟಿನಲ್ಲಿ ಭಕ್ತ ಮನೆತನಗಳ ಹೆಣ್ಣುಮಕ್ಕಳು ಮಾತಿನ ವಸ್ತುವಾಗಿದ್ದರೇ ಹೊರತು ಮಾತನಾಡುವವರಾಗಿರಲಿಲ್ಲ. ಹೋಳಿಯಲ್ಲಿ ಗುಲಾಲು ಎರಚುವಾಗ ಮಹಾರಾಜರು ಹೇಗೆ ನಡೆದುಕೊಂಡರು, ಪಾದ ಮುಟ್ಟಲು ಬಂದವಳ ಕೈಯನ್ನು ಹೇಗೆ ಒತ್ತಿದರು, ಆಕೆ ಯಾವ ಕೋಣೆಗೆ ಹೋದಳು ಎಂಬುದನ್ನೆಲ್ಲ ಹೇಳಿದವರು ಗಂಡಸರು. ಹಾಗೆ ಹೋದವಳಿಗೆ ಏನನ್ನಿಸಿತೆಂದು ಕೇಳಿದವರಿಲ್ಲ. ಸುಧಾರಕರ ಲೇಖನಗಳ ದನಿಯೂ ‘ನಿಮ್ಮ ಹೆಂಡತಿಯರನ್ನು, ನಿಮ್ಮ ಮಗಳಂದಿರನ್ನು ಒಪ್ಪಿಸುತ್ತೀರಲ್ಲ, ನಾಚಿಕೆಯಿಲ್ಲವೇ’ ಎಂಬುದೇ. ಅಂದರೆ ಕಳವಾದದ್ದು ಗಂಡಸಿನ ಮಾನ. ಒಬ್ಬ ಗಂಡಸಿನ ವಶದಿಂದ ಇನ್ನೊಬ್ಬ ಗಂಡಸಿನ ವಶಕ್ಕೆ ಹೋಯಿತೆಂಬುದು ಆರೋಪ.

ಇದನ್ನು ಹೇಳುವಾಗ ಕರ್ಸನ್‌ದಾಸರನ್ನು ಸಣ್ಣವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ‘ಸ್ತ್ರೀಬೋಧ’ ಎಂಬ ಮಾಸಪತ್ರಿಕೆಯಲ್ಲಿ ದುಡಿದವರು, ವಿಧವೆಯರ ವಿಷಯಕ್ಕೇ ಮನೆ ಕಳೆದುಕೊಂಡವರು ಅವರು. ಜದುನಾಥಜೀ ಜತೆಗಿನ ಜಟಾಪಟಿ ಶುರುವಾದದ್ದೂ ವಿಧವಾ ವಿವಾಹದ ಪ್ರಶ್ನೆಯಿಂದ. 1860ರ ಆಗಸ್ಟ್‌ನಲ್ಲಿ ಕವಿ ನರ್ಮದಾಶಂಕರರು ಅದೇ ಮಹಾರಾಜರೊಂದಿಗೆ ಬಹಿರಂಗ ವಾದಕ್ಕೆ ಹೋಗಿದ್ದರು. ಪತ್ರಿಕೆಯ ಲೇಖನ ಬಂದದ್ದು ಎರಡು ತಿಂಗಳ ನಂತರ. ಹಾಗಾಗಿ ಹೆಂಗಸರ ಪ್ರಶ್ನೆಯಿಂದ ಶುರುವಾದದ್ದು ಹೆಂಗಸರ ದನಿಯಿಲ್ಲದೆ ಮುಗಿಯಿತಲ್ಲ ಎಂಬುದು ನನ್ನ ಬೇಸರ.

ಕಡತದವರೇ, ನಿಮ್ಮ ಬಹಿಷ್ಕಾರದ ವಾದಕ್ಕೂ ಇದಕ್ಕೂ ಸಂಬಂಧವಿದೆ. ಬಹಿಷ್ಕಾರ ಬಿದ್ದಾಗ ಗಂಡಸಿಗೆ ಪೇಟೆಯಾದರೂ ಉಳಿಯುತ್ತದೆ, ಸ್ನೇಹಿತರಾದರೂ ಉಳಿಯುತ್ತಾರೆ. ಹೆಂಗಸಿಗೆ ತವರಿನ ಬಾಗಿಲೇ ಮುಚ್ಚುತ್ತದೆ, ಬಾಣಂತನಕ್ಕೆ ಯಾರೂ ಬರುವುದಿಲ್ಲ. ಅವರು ಕಟಕಟೆಗೆ ಬರಲಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಳೆಯ ಕಡತ

ಮಲಪ್ರಭೆಯ ದಂಡೆಯವರೇ, ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ನನ್ನ ಮೊದಲ ಬರಹದಲ್ಲಿ ಬಹಿಷ್ಕಾರವನ್ನು ವರ್ತಕರ ಕಣ್ಣಿನಿಂದಷ್ಟೇ ನೋಡಿದ್ದೆ.

ತುಳಸಿಕಟ್ಟೆಯವರ ಆಕ್ಷೇಪದಲ್ಲಿ ಅರ್ಧವನ್ನು ಒಪ್ಪುತ್ತೇನೆ. ಪಂಥಗಳ ಹಳತು ಹೊಸತಿನ ವಾದ ಲೇಖನದ ದುರ್ಬಲ ಭಾಗ, ಇಂದು ಓದಿದರೆ ಅದು ಎರವಲು ವಾದದಂತೆ ಕಾಣುತ್ತದೆ. ಆದರೆ ‘ಪರರ ಕೋರ್ಟಿಗೆ ಒಯ್ದರು’ ಎಂಬ ದೂರನ್ನು ಕರ್ಸನ್‌ದಾಸರ ಮೇಲೆ ಹಾಕಲು ಬರುವುದಿಲ್ಲ. ಅವರು ಮಾತೃಭಾಷೆಯಲ್ಲಿ, ತಮ್ಮ ಜನ ಓದುವ ಪತ್ರಿಕೆಯಲ್ಲಿ ಬರೆದರು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಮಹಾರಾಜರು. ಎರಡು ವರ್ಷ ಹಿಂದೆ ನಮ್ಮನ್ನು ಕೋರ್ಟಿಗೆ ಕರೆಯಬೇಡಿ ಎಂದು ಸಹಿ ಸಂಗ್ರಹಿಸಿದ ವರ್ಗದವರೇ ಅದೇ ಕೋರ್ಟಿಗೆ ಹೋಗಿ 50,000 ಕೇಳಿದರು! ಮುಂಚೆಯೇ ಮಥುರಾದಾಸ್ ಲವ್ಜಿಯಂಥ ಭಕ್ತರು ಒಳಗಿನಿಂದಲೇ ಸರಿಪಡಿಸಲು ಯತ್ನಿಸಿ ಸೋತಿದ್ದರು. ಒಳಗೆ ಕೇಳುವ ಕಿವಿ ಇದ್ದಿದ್ದರೆ ಹೊರಗಿನ ನ್ಯಾಯಪೀಠಕ್ಕೆ ಕೆಲಸವಿರುತ್ತಿರಲಿಲ್ಲ.

ಗಂಗಾವಳಿ

ನಾನು ಹೆಚ್ಚು ಬರೆಯುವವನಲ್ಲ, ವಯಸ್ಸೂ ಆಯಿತು. ಬಹಿಷ್ಕಾರ ಎಂಬ ಶಬ್ದ ನೋಡಿ ಬರೆಯಬೇಕೆನಿಸಿತು.

ನಮ್ಮದು ಉತ್ತರ ಕನ್ನಡದ ಕರಾವಳಿ. ನನ್ನ ಅಜ್ಜ ವಿಧವೆಯೊಬ್ಬಳ ಮದುವೆಯ ಊಟಕ್ಕೆ ಹೋಗಿ ಬಂದರೆಂಬ ಕಾರಣಕ್ಕೆ ಮಠದಿಂದ ಬಹಿಷ್ಕಾರದ ಪತ್ರ ಬಂತು. ಮಠದ ಹೆಸರು ಇಲ್ಲಿ ಬೇಡ. ಪತ್ರದಲ್ಲಿ ಬೈಗುಳ ಒಂದೂ ಇರಲಿಲ್ಲವಂತೆ, ಬಹಳ ಮರ್ಯಾದೆಯ ಭಾಷೆಯಂತೆ. ಆ ದಿನದಿಂದ ಪುರೋಹಿತರು ಬರುವುದು ನಿಂತಿತು. ಪಂಕ್ತಿಯಲ್ಲಿ ಎಲೆ ಹಾಕುವುದು ನಿಂತಿತು. ನಮ್ಮ ಬಾವಿಯಿಂದ ನೀರು ಒಯ್ಯುತ್ತಿದ್ದ ನೆಂಟರು ಎರಡು ಗದ್ದೆ ದಾಟಿ ಬೇರೆ ಬಾವಿಗೆ ಹೋಗತೊಡಗಿದರು. ಮುತ್ತಜ್ಜಿ ತೀರಿಕೊಂಡಾಗ ಹೊರಲು ನಾಲ್ಕು ಜನ ಸಿಗದೆ, ಅಜ್ಜ, ಅಪ್ಪ ಮತ್ತು ಗದ್ದೆಯ ಕೆಲಸದವರಿಬ್ಬರು ಹೊತ್ತರು. ನಾಲ್ಕನೆಯ ವರ್ಷ ಅತ್ತೆಯ ಮದುವೆಗಾಗಿ ಅಜ್ಜ ಸೋತರು. ಪಂಚಗವ್ಯ ಕುಡಿದು, ಕಾಣಿಕೆ ಕಟ್ಟಿ, ಒಳಗೆ ಬಂದರು. ಆ ಕಾಣಿಕೆಯ ರಸೀದಿ ನನ್ನ ಹತ್ತಿರ ಇದೆ. ಹುಳ ತಿಂದು ಮೊತ್ತದ ಜಾಗದಲ್ಲಿಯೇ ತೂತು ಬಿದ್ದಿದೆ. ಅಜ್ಜ ಮಾತ್ರ ಕೊನೆಯವರೆಗೂ ಸಮಾರಾಧನೆಯ ಊಟಕ್ಕೆ ಕೂರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು.

ಭಾಟಿಯಾ ಮುಖಂಡರಿಗೆ 1,000 ರೂಪಾಯಿ ದಂಡ ಹಾಕಿದರು ಎಂದು ಓದಿದಾಗ ನನಗೆ ಮೊದಲು ಬಂದ ಯೋಚನೆ, ನಮ್ಮ ಅಜ್ಜನಿಗೆ ಅಂಥ ಕೋರ್ಟು ಎಲ್ಲಿತ್ತು ಎಂಬುದು.

ವಕಾಲತ್ತು

ಗಂಗಾವಳಿ ಹಿರಿಯರಿಗೆ ನಮಸ್ಕಾರ. ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ಭಾಟಿಯಾ ಮುಖಂಡರಿಗೆ ದಂಡ ಬಿದ್ದದ್ದು ಬಹಿಷ್ಕಾರ ಹಾಕಿದ್ದಕ್ಕಲ್ಲ, ಕೋರ್ಟಿನ ಸಾಕ್ಷಿಗಳನ್ನು ತಡೆಯಲು ಅದನ್ನು ಬಳಸಿದ್ದಕ್ಕೆ. ಬಹಿಷ್ಕಾರದ ಅಧಿಕಾರ ಹಾಗೆಯೇ ಉಳಿಯಿತು. ಹಾಗಾಗಿ ಈ ಚರ್ಚೆಯ ತಲೆಬರಹದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕರ್ಸನ್‌ದಾಸ್ ಗೆದ್ದದ್ದು ಗುರುವಿನ ನಡತೆಯ ಬಗ್ಗೆ ಬರೆಯುವ ಹಕ್ಕನ್ನು. ಗುರುವಿನ ಕೈಯಲ್ಲಿದ್ದ ಕೋಲನ್ನು ಕಸಿದುಕೊಳ್ಳಲು ಆಗಲಿಲ್ಲ.

ಆ ಕೋಲಿಗೆ ಕೈಹಾಕಿದ್ದು 1949ರ ಮುಂಬಯಿ ಬಹಿಷ್ಕಾರ ನಿಷೇಧ ಕಾಯಿದೆ. ಆಗ ನಿಮ್ಮ ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತದಲ್ಲಿದ್ದದ್ದರಿಂದ ಅಲ್ಲಿಗೂ ಅದು ಅನ್ವಯಿಸುತ್ತಿತ್ತು. ಯಾವ ಸಮುದಾಯವೂ ತನ್ನ ಸದಸ್ಯನನ್ನು ಹೊರಗೆ ಹಾಕಿದರೆ ಅದು ಅಸಿಂಧು, ಹಾಕಿದವನಿಗೆ ದಂಡ ಎಂಬುದು ಅದರ ಸಾರ. ದಾವೂದಿ ಬೊಹ್ರಾ ಸಮುದಾಯದ ಧರ್ಮಗುರು ಸೈಯದ್ನಾ ತಾಹೆರ್ ಸೈಫುದ್ದೀನ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1962ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಧಾರ್ಮಿಕ ಕಾರಣಕ್ಕೆ ಸದಸ್ಯನನ್ನು ಹೊರಹಾಕುವುದು ಸಮುದಾಯ ತನ್ನ ಧಾರ್ಮಿಕ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವ ಹಕ್ಕಿನೊಳಗೆ ಬರುತ್ತದೆ ಎಂದು ಹೇಳಿ ಕಾಯಿದೆಯನ್ನು ರದ್ದುಮಾಡಿದರು. ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಒಬ್ಬರೇ ಭಿನ್ನಮತ ಬರೆದರು. ಕರ್ಸನ್‌ದಾಸರ ವಿಚಾರಣೆ ಶುರುವಾದ ಜನವರಿಗೂ ಈ ಜನವರಿಗೂ ನಡುವೆ ಸರಿಯಾಗಿ 100 ವರ್ಷ. ಆ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಗಿದೆ. ಮಹಾರಾಷ್ಟ್ರವಂತೂ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾಯಿದೆಯನ್ನೇ ಮಾಡಿಕೊಂಡಿತು.

ತುಳಸಿಕಟ್ಟೆ

ಗಂಗಾವಳಿಯವರ ಬರಹ ಓದಿದ ಮೇಲೆ ನನ್ನ ಮೊದಲಿನ ಬಿಸಿ ಸ್ವಲ್ಪ ಇಳಿದಿದೆ. ಮತದ ಮೇಲಿನ ನನ್ನ ಮಾತಿಗೆ ಈಗಲೂ ಬದ್ಧನಾಗಿದ್ದೇನೆ, ಆದರೆ ಮತವನ್ನು ಉಳಿಸುವ ನೆಪದಲ್ಲಿ ಪತ್ರ ಬರೆದು ಬಾವಿಯ ನೀರು ನಿಲ್ಲಿಸುವುದನ್ನು ಯಾವ ಆಚಾರ್ಯರೂ ಹೇಳಿಕೊಟ್ಟಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಒಂದು ಕುತೂಹಲ: ಗೆದ್ದ ಮೇಲೆ ಕರ್ಸನ್‌ದಾಸರನ್ನು ಅವರ ಜಾತಿಯವರು ಸುಮ್ಮನೆ ಬಿಟ್ಟರೇ?

ಹಳೆಯ ಕಡತ

ಬಿಡಲಿಲ್ಲ. ಇಂಗ್ಲಿಷ್ ಪತ್ರಿಕೆಗಳು ಅವರನ್ನು ಹಿಂದೂಸ್ಥಾನದ ಲೂಥರ್ ಎಂದು ಕೊಂಡಾಡಿದವು. 1863ರಲ್ಲಿ ಅವರು ಅರಳೆ ವ್ಯಾಪಾರದ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದರು. ಅಮೆರಿಕದ ಅಂತರ್ಯುದ್ಧದಿಂದ ನಮ್ಮ ಅರಳೆಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. ಸಮುದ್ರ ದಾಟಿದ ನೆಪ ಸಿಕ್ಕಿತು, ಕಪೋಲರು ಅವರನ್ನು ಜಾತಿಯಿಂದ ಹೊರಗೆ ಹಾಕಿದರು. 50,000 ರೂಪಾಯಿಯ ದಾವೆಯಿಂದ ಆಗದೆ ಇದ್ದದ್ದು ಒಂದು ಹಡಗಿನ ಟಿಕೆಟ್ಟಿನಿಂದ ಆಯಿತು.

ಹಿಂತಿರುಗಿದ ಮೇಲೆ ಪ್ರವಾಸದ ಪುಸ್ತಕ ಬರೆದರು, ಕಾಠಿಯಾವಾಡದ ಸಂಸ್ಥಾನಗಳಲ್ಲಿ ಆಡಳಿತದ ಕೆಲಸ ಹಿಡಿದರು. 1871ರ ಮೇ ತಿಂಗಳಲ್ಲಿ ಮುಂಬಯಿಯ ಕಪೋಲ ವರ್ತಕ ಮಾಧವದಾಸ್ ರುಗನಾಥದಾಸ್, ಧನಕೋರಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಆ ಮದುವೆಗೆ ಬೆನ್ನಾಗಿ ನಿಂತವರು ಕರ್ಸನ್‌ದಾಸ್. ಇಪ್ಪತ್ತರ ವಯಸ್ಸಿನಲ್ಲಿ ಪ್ರಬಂಧ ಬರೆಯಲು ಹೋಗಿ ಮನೆ ಕಳೆದುಕೊಂಡ ವಿಷಯ ತಮ್ಮದೇ ಜಾತಿಯೊಳಗೆ ನಡೆದದ್ದನ್ನು ಅವರು ಕಂಡರು. ಮಲಪ್ರಭೆಯ ದಂಡೆಯವರು ಕೇಳಿದ ಹೆಂಗಸಿನ ದನಿಗೆ ಇದು ಉತ್ತರವಲ್ಲ, ಆದರೆ ಈ ಕಡತದಲ್ಲಿ ಹೆಸರಿನೊಂದಿಗೆ ಬರುವ ಹೆಂಗಸು ಧನಕೋರಬಾಯಿ ಒಬ್ಬರೇ. ಅದೇ ವರ್ಷ ಆಗಸ್ಟ್ 28ರಂದು ಲಿಂಬಡಿಯಲ್ಲಿ ಕರ್ಸನ್‌ದಾಸ್ ತೀರಿಕೊಂಡರು. ಆಗ ಅವರಿಗೆ 39 ವರ್ಷ.

ಗಂಗಾವಳಿಯವರೇ, ನಿಮ್ಮ ಹತ್ತಿರವಿರುವ ರಸೀದಿಯ ಒಂದು ಚಿತ್ರವನ್ನು, ಮಠದ ಹೆಸರನ್ನೂ ಊರನ್ನೂ ಮುಚ್ಚಿ, ಇಲ್ಲಿ ಹಾಕಲು ಸಾಧ್ಯವೇ? ತೂತು ಇದ್ದರೂ ಅಡ್ಡಿಯಿಲ್ಲ.